ಎರಡೇ ದಿನಕ್ಕೆ ಒಪ್ಪಿಗೆ!

ಪ್ರಶ್ನೆ: ಜರ್ನಲ್ (ಸಂಶೋಧನಾ ಪತ್ರಿಕೆ) ಒಂದಕ್ಕೆ ಲೇಖನ ಕಳಿಸಿದೆ. ಎರಡೇ ದಿನಕ್ಕೆ ‘ಒಪ್ಪಿಗೆಯಾಗಿದೆ, ದುಡ್ಡು ಕಟ್ಟಿ’ ಎಂಬ ಮೇಲ್ ಬಂತು. ಕಟ್ಟಲೇ?
– ಪಿಎಚ್‌ಡಿ ವಿದ್ಯಾರ್ಥಿನಿ, ಧಾರವಾಡ

ಉತ್ತರ: ದಯವಿಟ್ಟು ಕಟ್ಟಬೇಡಿ. ಎರಡು ದಿನದಲ್ಲಿ ಅದನ್ನು ಯಾರೂ ಸರಿಯಾಗಿ ಓದಿರುವುದಿಲ್ಲ, ಅಲ್ವಾ? 2013ರಲ್ಲಿ ಪತ್ರಕರ್ತ ಜಾನ್ ಬೊಹಾನನ್, ಕ್ಯಾನ್ಸರ್ ಔಷಧಿಯ ಬಗ್ಗೆ ಬೇಕಂತಲೇ ತಪ್ಪು ತುಂಬಿದ ಸುಳ್ಳು ಲೇಖನವನ್ನು, ಇಲ್ಲದ ವಿಜ್ಞಾನಿಗಳ ಹೆಸರಲ್ಲಿ 304 ಜರ್ನಲ್‌ಗಳಿಗೆ ಕಳಿಸಿದ್ದರು. 157 ಜರ್ನಲ್‌ಗಳು ಒಪ್ಪಿಕೊಂಡವು! ಶುಲ್ಕ ಕೇಳುವುದೇ ತಪ್ಪಲ್ಲ, ಎಷ್ಟೋ ಒಳ್ಳೆಯ ಜರ್ನಲ್‌ಗಳೂ ಕೇಳುತ್ತವೆ. ಆದರೆ ವಿಮರ್ಶಕರ, ಅಂದರೆ ಪ್ರಕಟಣೆಗೆ ಮುಂಚೆ ಲೇಖನ ಓದಿ ಪರಿಶೀಲಿಸುವ ತಜ್ಞರ, ಟಿಪ್ಪಣಿ ಎಲ್ಲಿ? ಅದನ್ನು ಕೇಳಿ. ಸಂಪಾದಕ ಮಂಡಳಿಯಲ್ಲಿ ಹೆಸರಿರುವ ಒಬ್ಬರಿಗೆ ನೇರವಾಗಿ ಬರೆದು ನೋಡಿ, ಕೆಲವರಿಗೆ ತಮ್ಮ ಹೆಸರು ಅಲ್ಲಿರುವುದೇ ಗೊತ್ತಿರುವುದಿಲ್ಲ. ಅನುಮಾನ ನಿಜವಾದರೆ ಲೇಖನ ವಾಪಸ್ ಪಡೆಯುತ್ತೇನೆ ಎಂದು ಜರ್ನಲ್‌ನವರಿಗೆ ಬರೆದು, ಅವರು ಒಪ್ಪಿದ ಮೇಲೆಯೇ ಬೇರೆ ಕಡೆ ಕಳಿಸಿ. ಒಂದೇ ಲೇಖನ ಎರಡು ಕಡೆ ಇರಬಾರದು.