ಲಾಟರಿ ಬಂದಿದೆ ಎಂದು ಕರೆ ಬಂತು, ಅಪ್ಪ ಪಾಸ್‌ಬುಕ್ ಫೋಟೊ ಕಳಿಸಿಬಿಟ್ಟರು

ಪ್ರಶ್ನೆ: ನಮ್ಮ ತಂದೆ ನಿವೃತ್ತ ಶಿಕ್ಷಕರು, 68 ವರ್ಷ. ಕಳೆದ ವಾರ ಅವರ ವಾಟ್ಸ್‌ಆ್ಯಪ್‌ಗೆ ಒಂದು ಧ್ವನಿ ಸಂದೇಶ ಬಂತು. ‘ಕೌನ್ ಬನೇಗಾ ಕರೋಡ್‌ಪತಿ’ ಕಡೆಯಿಂದ ಅವರ ಸಿಮ್ ನಂಬರಿಗೆ 25 ಲಕ್ಷ ರೂಪಾಯಿ ಲಾಟರಿ ಹೊಡೆದಿದೆಯಂತೆ. ಅವರ ಹೆಸರು ಬರೆದ ಚೆಕ್ಕಿನ ಚಿತ್ರವೂ ಜೊತೆಗಿತ್ತು. ‘ಬ್ಯಾಂಕ್ ಮ್ಯಾನೇಜರ್’ ಎಂದು ಕೊಟ್ಟಿದ್ದ ನಂಬರಿಗೆ ಮಾತಾಡಿ, ಪಾಸ್‌ಬುಕ್ಕಿನ ಮೊದಲ ಪುಟ ಮತ್ತು ಆಧಾರ್ ಕಾರ್ಡಿನ ಫೋಟೊ ಕಳಿಸಿದ್ದಾರೆ. ಎಟಿಎಂ ಕಾರ್ಡಿನ ಕೊನೆಯ ಆರು ಅಂಕಿ, ಅದರ ಅವಧಿ ಮುಗಿಯುವ ತಿಂಗಳು-ವರ್ಷ ಹೇಳಿದ್ದಾರೆ. ಆಮೇಲೆ ‘ನಾವು ಕಳಿಸುವ ಮೆಸೇಜನ್ನು ಇನ್ನೊಂದು ನಂಬರಿಗೆ ಎಸ್ಸೆಮ್ಮೆಸ್ ಮಾಡಿ’ ಎಂದಾಗ ಯಾಕೋ ಅನುಮಾನ ಬಂದು ನನ್ನನ್ನು ಕೇಳಿದರು. ಹಣ ಹೋಗಿಲ್ಲ. ಸಿಟ್ಟಿನಲ್ಲಿ ನಾನು ಚೆನ್ನಾಗಿ ಬೈದುಬಿಟ್ಟೆ. ಪಿನ್ ಹೇಳಿಲ್ಲವಲ್ಲ, ಇನ್ನೇನೂ ತೊಂದರೆ ಇಲ್ಲ ತಾನೆ?
— ಹೆಸರು ಬೇಡ, ದಾವಣಗೆರೆ

ಉತ್ತರ: ತೊಂದರೆ ಇದೆ. ಇದನ್ನು ಓದಿದ ತಕ್ಷಣ ಬ್ಯಾಂಕಿಗೆ ಫೋನ್ ಮಾಡಿ. ಆ ‘ಮ್ಯಾನೇಜರ್’ ಕೊಟ್ಟ ನಂಬರಿಗಾಗಲಿ, ಗೂಗಲ್‌ನಲ್ಲಿ ಹುಡುಕಿ ಸಿಕ್ಕ ನಂಬರಿಗಾಗಲಿ ಮಾಡಬೇಡಿ. ಎಟಿಎಂ ಕಾರ್ಡಿನ ಹಿಂಬದಿಯಲ್ಲಿ ಅಚ್ಚಾಗಿರುವ ನಂಬರಿಗೇ ಮಾಡಿ. ಕಾರ್ಡನ್ನು ಬ್ಲಾಕ್ ಮಾಡಿಸಿ, ಖಾತೆಯ ಯುಪಿಐ ಸೇವೆಯನ್ನು ಸದ್ಯಕ್ಕೆ ನಿಲ್ಲಿಸಲು ಹೇಳಿ. ಅದಾದ ಮೇಲೆ ತಂದೆಯವರನ್ನು ಕರೆದುಕೊಂಡು ಶಾಖೆಗೆ ಹೋಗಿ, ನಡೆದದ್ದನ್ನು ಅರ್ಜಿಯಲ್ಲಿ ಬರೆದು ಕೊಟ್ಟು, ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಮುಂದೆ ಏನಾದರೂ ಆದರೆ ನೀವು ಯಾವ ದಿನ ತಿಳಿಸಿದಿರಿ ಎಂಬುದಕ್ಕೆ ಆ ಸೀಲೇ ಸಾಕ್ಷಿ.

ಇಷ್ಟು ಅವಸರ ಮಾಡುವುದಕ್ಕೆ ಕಾರಣವಿದೆ. ‘ಪಿನ್ ಹೇಳಿಲ್ಲ, ಒಟಿಪಿ ಹೇಳಿಲ್ಲ’ ಎಂಬ ಸಮಾಧಾನ ನಮ್ಮಲ್ಲಿ ಬಹಳ ಜನಕ್ಕಿದೆ. ಆದರೆ ಕಳ್ಳನಿಗೆ ನಿಮ್ಮ ಪಿನ್ ಬೇಕಿಲ್ಲ, ಅವನು ಹೊಸ ಪಿನ್ನನ್ನೇ ಮಾಡಿಕೊಳ್ಳುತ್ತಾನೆ. ಹೊಸ ಫೋನಿನಲ್ಲಿ ಯುಪಿಐ ಆ್ಯಪ್ ಹಾಕಿದಾಗ ಅದು ಮೊದಲು ನಿಮ್ಮ ಸಿಮ್ಮಿನಿಂದ ಒಂದು ಎಸ್ಸೆಮ್ಮೆಸ್ ತಾನೇ ಕಳಿಸುತ್ತದೆ, ಗಮನಿಸಿದ್ದೀರಾ? ಅರ್ಥವಾಗದ ಅಕ್ಷರ-ಅಂಕಿಗಳ ಸಾಲು ಅದು. ಆ ಎಸ್ಸೆಮ್ಮೆಸ್ ಯಾವ ನಂಬರಿನಿಂದ ಹೋಯಿತೋ ಆ ನಂಬರಿನ ಖಾತೆ ಆ ಫೋನಿಗೆ ಜೋಡಣೆಯಾಗುತ್ತದೆ. ಕಳ್ಳ ತನ್ನ ಫೋನಿನಲ್ಲಿ ಈ ಸಾಲನ್ನು ಹುಟ್ಟಿಸಿ, ಅದನ್ನು ನಿಮ್ಮ ತಂದೆಯ ಸಿಮ್ಮಿನಿಂದ ಕಳಿಸಿಸಲು ನೋಡಿದ. ಕಳಿಸಿದ್ದರೆ ಖಾತೆ ಅವನ ಫೋನಿಗೆ ಹತ್ತಿಕೊಳ್ಳುತ್ತಿತ್ತು. ಆಮೇಲೆ ಯುಪಿಐ ಪಿನ್ ಹೊಸದಾಗಿ ಮಾಡಲು ಬೇಕಾದದ್ದು ಎಟಿಎಂ ಕಾರ್ಡಿನ ಕೊನೆಯ ಆರು ಅಂಕಿ, ಅವಧಿ ಮುಗಿಯುವ ತಿಂಗಳು-ವರ್ಷ ಮತ್ತು ಒಂದು ಒಟಿಪಿ. ಮೊದಲ ಎರಡು ಅವನ ಕೈಗೆ ಆಗಲೇ ಸೇರಿವೆ. ‘ಬಹುಮಾನದ ಕೋಡ್ ಬಂದಿದೆ, ಓದಿ ಹೇಳಿ’ ಎಂದು ಒಟಿಪಿ ಕೇಳುವುದೊಂದೇ ಉಳಿದಿತ್ತು. ಕೆಲವು ಬ್ಯಾಂಕುಗಳಲ್ಲಿ ಕಾರ್ಡಿನ ಬದಲು ಆಧಾರ್ ಒಟಿಪಿಯಿಂದಲೂ ಪಿನ್ ಮಾಡಿಕೊಳ್ಳಬಹುದು. ಆಧಾರ್ ಫೋಟೊ ಕೇಳಿದ್ದು ಸುಮ್ಮನೆ ಇರಲಾರದು.

ನಿಮ್ಮ ತಂದೆ ಸರಿಯಾದ ಜಾಗದಲ್ಲೇ ನಿಂತಿದ್ದಾರೆ. ದಯವಿಟ್ಟು ಇದನ್ನು ಅವರಿಗೆ ಹೇಳಿ. ನೀವು ಬೈದದ್ದು ನನಗೆ ಅರ್ಥವಾಗುತ್ತದೆ, ಭಯಕ್ಕೆ ಬೈಗುಳ ಬರುತ್ತದೆ. ಆದರೆ ಈ ಕಳ್ಳರು ‘ಯಾರಿಗೂ ಹೇಳಬೇಡಿ, ಹೇಳಿದರೆ ಬಹುಮಾನ ರದ್ದಾಗುತ್ತದೆ’ ಎಂದೇ ಮಾತು ಶುರು ಮಾಡುತ್ತಾರೆ. ಮನೆಯವರಲ್ಲಿ ಒಬ್ಬರು ಕೇಳಿಸಿಕೊಂಡರೂ ಆಟ ಮುಗಿಯಿತೆಂದು ಅವರಿಗೆ ಗೊತ್ತು. ತಂದೆಯವರು ಆ ಬಾಯಿಬೀಗ ಮುರಿದು ನಿಮ್ಮ ಹತ್ತಿರ ಬಂದರು. ಮುಂದಿನ ಸಲವೂ ಅವರು ಬರಬೇಕಲ್ಲವೇ?

ಆ ಸಲ ಬಂದೇ ಬರುತ್ತದೆ ಎಂದುಕೊಂಡಿರಿ. ಪಾಸ್‌ಬುಕ್ಕಿನ ಪುಟದಲ್ಲಿರುವ ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ಕೋಡ್ (ಶಾಖೆಯ ಸಂಕೇತ) ಇಟ್ಟುಕೊಂಡು ಯಾರೂ ನೇರವಾಗಿ ಹಣ ತೆಗೆಯಲಾರರು. ಆದರೆ ಆ ಫೋಟೊ ಇನ್ನೊಬ್ಬ ಕಳ್ಳನ ಕೈಗೆ ಹೋಗಬಹುದು. ತಿಂಗಳು ಕಳೆದ ಮೇಲೆ ‘ಸರ್, ನಿಮ್ಮ ಶಾಖೆಯಿಂದ ಮಾತಾಡ್ತಿದೀವಿ, ಖಾತೆ ಸಂಖ್ಯೆ ಇದು ತಾನೆ, ಕೆವೈಸಿ ಬಾಕಿ ಇದೆ’ ಎಂದು ಸರಾಗವಾಗಿ ಓದಿ ಹೇಳಿದರೆ ನಂಬದಿರುವುದು ಕಷ್ಟ. ಆದ್ದರಿಂದ ಈಗಲೇ ಹೇಳಿಡಿ: ನಮ್ಮ ವಿವರ ಗೊತ್ತಿದೆ ಅಂದಮಾತ್ರಕ್ಕೆ ಅವರು ಬ್ಯಾಂಕಿನವರಲ್ಲ. ಆಧಾರ್‌ನ ಬಯೋಮೆಟ್ರಿಕ್ ಲಾಕ್ (ಬೆರಳಚ್ಚು, ಕಣ್ಣಿನ ಗುರುತನ್ನು ಯಾರೂ ಬಳಸದಂತೆ ಹಾಕುವ ಬೀಗ) ಕೂಡ ಮಾಡಿಬಿಡಿ, ಎಂಆಧಾರ್ ಆ್ಯಪ್‌ನಲ್ಲಿ ಐದು ನಿಮಿಷದ ಕೆಲಸ.

ಲಾಟರಿಯ ವಿಷಯಕ್ಕೆ ಬಂದರೆ, ‘ಕೌನ್ ಬನೇಗಾ ಕರೋಡ್‌ಪತಿ’ 2000ದಲ್ಲಿ ಶುರುವಾದ ರಸಪ್ರಶ್ನೆ ಕಾರ್ಯಕ್ರಮ. ಸಿಮ್ ನಂಬರಿಗೆ ಲಾಟರಿ ಎತ್ತುವ ಪದ್ಧತಿ ಅಲ್ಲಿಲ್ಲ. ಇಂಥ ಸಂದೇಶಗಳು ಬಹಳ ಸಲ +92 ಎಂದು ಶುರುವಾಗುವ ನಂಬರುಗಳಿಂದ ಬರುತ್ತವೆ, ಅದು ಪಾಕಿಸ್ತಾನದ ಕೋಡ್, ನಮ್ಮದು +91. ಅದಕ್ಕಿಂತ ಮುಖ್ಯವಾದದ್ದು, ನಿಜವಾದ ಲಾಟರಿ ನಡೆಯುವ ರೀತಿ. ಕೇರಳ ಸರ್ಕಾರ 1967ರಿಂದ ಲಾಟರಿ ನಡೆಸುತ್ತಿದೆ. ಅಲ್ಲಿ ಮಾರುವುದು ಕಾಗದದ ಟಿಕೆಟ್. ಯಾವ ಟಿಕೆಟ್ ಯಾರ ಜೇಬಿನಲ್ಲಿದೆ ಎಂಬುದು ನಡೆಸುವವರಿಗೇ ಗೊತ್ತಿರುವುದಿಲ್ಲ. ಗೆದ್ದವರೇ ಫಲಿತಾಂಶ ನೋಡಿ, ಟಿಕೆಟ್ ಹಿಡಿದುಕೊಂಡು ಹೋಗಬೇಕು. ಗೆದ್ದವರನ್ನು ಹುಡುಕಿಕೊಂಡು ಲಾಟರಿ ಬರುವುದಿಲ್ಲ. ನಮ್ಮ ಕರ್ನಾಟಕದಲ್ಲಂತೂ 2007ರಲ್ಲೇ ಲಾಟರಿ ಮಾರಾಟ ನಿಷೇಧವಾಗಿದೆ.

ಪ್ರಶ್ನೆ: ನಾನು ಖಾಸಗಿ ಕಂಪನಿಯಲ್ಲಿದ್ದೇನೆ, 29 ವರ್ಷ. ಇದೇ ರೀತಿಯ ಬಹುಮಾನಕ್ಕೆ ಮೊದಲು ‘ಪ್ರೊಸೆಸಿಂಗ್ ಫೀ’ ಎಂದು 8,500 ಕಟ್ಟಿದೆ. ಆಮೇಲೆ ಜಿಎಸ್‌ಟಿ, ಆಮೇಲೆ ಆದಾಯ ತೆರಿಗೆ, ಕೊನೆಗೆ ರಿಸರ್ವ್ ಬ್ಯಾಂಕಿನ ಕ್ಲಿಯರೆನ್ಸ್ ಎಂದು ನಾಲ್ಕು ದಿನದಲ್ಲಿ 86,000 ಹೋಯಿತು. ಮೂರು ವಾರವಾಯಿತು. ಓದಿದವನಾಗಿ ಹೀಗೆ ಮಾಡಿಕೊಂಡೆನೆಂದು ಮನೆಯಲ್ಲಿ ಹೇಳಿಲ್ಲ. ಹಣ ವಾಪಸ್ ಬರುತ್ತದೆಯೇ?
— ಓದುಗರು, ಬೆಂಗಳೂರು

ಉತ್ತರ: ಸುಳ್ಳು ಭರವಸೆ ಕೊಡಲಾರೆ. ಮೂರು ವಾರವಾದ ಮೇಲೆ ಪೂರ್ತಿ ಹಣ ಸಿಗುವುದು ಕಷ್ಟ. ಆದರೂ ಇವತ್ತೇ ದೂರು ಕೊಡಿ.

1930 ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ. ಹಣ ಕಳಿಸಿದ ದಿನ, ಸಮಯ, ಮೊತ್ತ, ಪ್ರತಿಯೊಂದು ಪಾವತಿಯ ವಹಿವಾಟು ಸಂಖ್ಯೆ, ಇವನ್ನು ಎದುರಿಗಿಟ್ಟುಕೊಂಡು ಕರೆ ಮಾಡಿ. ನೀವು ಹೇಳಿದ ವಿವರ ಹಣ ಹೋದ ಬ್ಯಾಂಕಿಗೆ ತಲುಪುತ್ತದೆ. ಅಲ್ಲಿ ಹಣ ಇನ್ನೂ ಇದ್ದರೆ ತಡೆಹಿಡಿಯುತ್ತಾರೆ. ಮುಂದೆ ಹೋಗಿದ್ದರೆ ಆ ಮುಂದಿನ ಬ್ಯಾಂಕಿಗೆ ಸೂಚನೆ ಹೋಗುತ್ತದೆ. ಕಳ್ಳರು ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ದಾಟಿಸಿ ಎಟಿಎಂನಲ್ಲಿ ತೆಗೆದುಬಿಡುತ್ತಾರೆ. ಅದಕ್ಕೇ ಮೊದಲ ಒಂದೆರಡು ಗಂಟೆಗೆ ಅಷ್ಟು ಬೆಲೆ. ನಿಮ್ಮದು ಆ ಹೊತ್ತು ದಾಟಿದೆ, ನಿಜ. ಆದರೆ ಅದೇ ಖಾತೆಯ ಮೇಲೆ ಬೇರೆಯವರೂ ದೂರು ಕೊಟ್ಟು ಅದು ಆಗಲೇ ಸ್ಥಗಿತವಾಗಿದ್ದರೆ, ಅದರಲ್ಲಿ ಉಳಿದ ಹಣದಲ್ಲಿ ಪಾಲು ಕೇಳಲು ನಿಮ್ಮ ದೂರು ದಾಖಲೆಯಲ್ಲಿರಬೇಕು. ತಡೆಹಿಡಿದ ಹಣ ಸಾಮಾನ್ಯವಾಗಿ ನ್ಯಾಯಾಲಯದ ಆದೇಶದ ಮೇಲೆ ವಾಪಸಾಗುತ್ತದೆ. 1930ಕ್ಕೆ ಹೇಳಿದ ಮೇಲೆ ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್ ತಾಣದಲ್ಲಿ ದೂರನ್ನು ಪೂರ್ಣಗೊಳಿಸಿ, ಹತ್ತಿರದ ಸೈಬರ್ ಅಪರಾಧ (ಸೆನ್) ಪೊಲೀಸ್ ಠಾಣೆಗೂ ಹೋಗಿ. ವಾಟ್ಸ್‌ಆ್ಯಪ್ ಸಂಭಾಷಣೆಯನ್ನು ಅಳಿಸಬೇಡಿ. ನೋಡಿದರೆ ಸಂಕಟವಾಗುತ್ತದೆಂದು ಬಹಳ ಜನ ಅಳಿಸಿಬಿಡುತ್ತಾರೆ, ಇರುವ ಸಾಕ್ಷಿಯೂ ಅದರ ಜೊತೆಗೇ ಹೋಗುತ್ತದೆ.

ಬ್ಯಾಂಕ್ ಭರಿಸುತ್ತದೆಯೇ ಎಂದು ಕೆಲವರು ಕೇಳುತ್ತಾರೆ. ಗ್ರಾಹಕರ ಒಪ್ಪಿಗೆಯಿಲ್ಲದೆ ನಡೆದ ವಹಿವಾಟುಗಳ ಬಗ್ಗೆ ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ನಾವೇ ಗುಟ್ಟಿನ ವಿವರ ಕೊಟ್ಟು ಆದ ನಷ್ಟ, ಬ್ಯಾಂಕಿಗೆ ತಿಳಿಸುವವರೆಗೆ ನಮ್ಮದು. ತಿಳಿಸಿದ ಮೇಲೆ ಆದದ್ದು ಬ್ಯಾಂಕಿನದು. ಮೊದಲ ಪ್ರಶ್ನೆಯವರಿಗೆ ನಾನು ಸೀಲಿನ ಮಾತು ಹೇಳಿದ್ದು ಇದಕ್ಕೇ. ನೀವು ಮಾತ್ರ ನಿಮ್ಮ ಕೈಯಾರೆ ಪಿನ್ ಒತ್ತಿ ಕಳಿಸಿದ್ದೀರಿ. ಆ ಸುತ್ತೋಲೆಯಿಂದ ನಿಮಗೆ ಅನುಕೂಲ ಆಗಲಿಕ್ಕಿಲ್ಲ.

ಇನ್ನು ಆ ತೆರಿಗೆಯ ಸುಳ್ಳು. ಲಾಟರಿ ಬಹುಮಾನಕ್ಕೆ ಶೇ 30ರ ದರದಲ್ಲಿ ಆದಾಯ ತೆರಿಗೆ ಇರುವುದು ನಿಜ, ಕಳ್ಳರು ಹಿಡಿದುಕೊಳ್ಳುವುದೂ ಈ ಅರ್ಧ ನಿಜವನ್ನೇ. ಆದರೆ ನಗದು ಬಹುಮಾನವಾದರೆ ಕೊಡುವವರೇ ತೆರಿಗೆ ಮುರಿದುಕೊಂಡು ಉಳಿದದ್ದನ್ನು ಕೊಡಬೇಕು. ಗೆದ್ದವರು ಯಾರದೋ ಉಳಿತಾಯ ಖಾತೆಗೆ ಮುಂಗಡ ತೆರಿಗೆ ಹಾಕುವ ನಿಯಮ ಇಲ್ಲ. ರಿಸರ್ವ್ ಬ್ಯಾಂಕ್ ಜನಸಾಮಾನ್ಯರ ಖಾತೆ ಇಟ್ಟುಕೊಳ್ಳುವುದಿಲ್ಲ, ಬಹುಮಾನದ ಹಣಕ್ಕೆ ಕ್ಲಿಯರೆನ್ಸ್ ಕೊಡುವುದೂ ಇಲ್ಲ.

ಓದಿದವನಾಗಿ ಹೀಗಾಯಿತು ಎಂದಿದ್ದೀರಿ. ಓದಿಗೂ ಇದಕ್ಕೂ ಸಂಬಂಧ ಕಡಿಮೆ. ಮೊದಲ ಸಲ ನೀವು 25 ಲಕ್ಷದ ಆಸೆಗೆ ಕಟ್ಟಿದಿರಿ. ಎರಡನೆಯ ಸಲದಿಂದ ಕಟ್ಟಿದ್ದು ಹಿಂದಿನ 8,500 ಮುಳುಗದಿರಲಿ ಎಂದು. ಆ ಹೆದರಿಕೆ ಎಂಥ ಲೆಕ್ಕ ಬಲ್ಲವರನ್ನೂ ಎಳೆದುಕೊಂಡು ಹೋಗುತ್ತದೆ. ಇವತ್ತು ರಾತ್ರಿ ಮನೆಯಲ್ಲಿ ಒಬ್ಬರಿಗಾದರೂ ಹೇಳಿ. ಹೇಳಿಕೊಳ್ಳದೆ ಕೊರಗುವವರ ಮೇಲೆ ಎರಡನೇ ದಾಳಿ ಸುಲಭ: ‘ನಾವು ಸೈಬರ್ ಪೊಲೀಸರು, ನಿಮ್ಮ 86,000 ಸಿಕ್ಕಿದೆ, ಬಿಡಿಸಲು 4,000 ಕಟ್ಟಿ’ ಎಂದು ಕರೆ ಬರಬಹುದು. ನೀವು ಕಳೆದುಕೊಂಡ ಮೊತ್ತ ಕೂಡ ಅವರಿಗೆ ಸರಿಯಾಗಿ ಗೊತ್ತಿರುತ್ತದೆ, ಏಕೆಂದರೆ ಕದ್ದವರೇ ಅವರು. ಹಣ ಬಿಡಿಸಿಕೊಡಲು ಪೊಲೀಸರು ಫೋನಿನಲ್ಲಿ ಶುಲ್ಕ ಕೇಳುವುದಿಲ್ಲ.

ಪ್ರಶ್ನೆ: ಅಂಚೆಯಲ್ಲಿ ಒಂದು ಲಕೋಟೆ ಬಂದಿದೆ. ಆನ್‌ಲೈನ್ ಅಂಗಡಿಯೊಂದರ ಹೆಸರಿನ ಸ್ಕ್ರ್ಯಾಚ್ ಕಾರ್ಡ್. ಕೆರೆದರೆ ಕಾರು ಬಂದಿದೆ! ಮುದ್ರೆ, ಸಹಿ ಎಲ್ಲ ಇದೆ. ಇದೂ ಮೋಸವೇ?
— ಗೃಹಿಣಿ, ಹಾಸನ

ಉತ್ತರ: ಹೌದು, ಇದೂ ಅದೇ. ಅಂಚೆಯವನು ತಂದುಕೊಟ್ಟದ್ದು ಅಂದರೆ ನಮಗೆ ಇನ್ನೂ ಒಂದು ಗೌರವ ಇದೆ, ಅದನ್ನೇ ಬಳಸಿಕೊಳ್ಳುತ್ತಿದ್ದಾರೆ. ಕಾರ್ಡಿನಲ್ಲಿರುವ ನಂಬರಿಗೆ ಕರೆ ಮಾಡಬೇಡಿ. ಮಾಡಿದರೆ ‘ಕಾರು ಬೇಡವಾದರೆ ನಗದು ಕೊಡುತ್ತೇವೆ’ ಎಂದು ಹೇಳಿ ಖಾತೆಯ ವಿವರಕ್ಕೆ ಇಳಿಯುತ್ತಾರೆ. ಕ್ಯೂಆರ್ ಕೋಡ್ ಇದ್ದರೆ ಸ್ಕ್ಯಾನ್ ಮಾಡಬೇಡಿ. ಹಣ ಪಡೆಯಲು ಸ್ಕ್ಯಾನ್ ಮಾಡುವುದೂ ಬೇಕಿಲ್ಲ, ಪಿನ್ ಒತ್ತುವುದೂ ಬೇಕಿಲ್ಲ.

ಪ್ರಶ್ನೆ: ನನಗೆ ಬಹುಮಾನ ಬಂದಿಲ್ಲ. ಆದರೆ ‘ಗೆದ್ದವರ ಹಣ ನಿಮ್ಮ ಖಾತೆಗೆ ಹಾಕುತ್ತೇವೆ, ಹತ್ತು ಪರ್ಸೆಂಟ್ ಇಟ್ಟುಕೊಂಡು ಉಳಿದದ್ದನ್ನು ನಾವು ಹೇಳಿದ ಕಡೆ ಕಳಿಸಿ’ ಎಂದು ಸ್ನೇಹಿತನ ಸ್ನೇಹಿತರೊಬ್ಬರು ಕೇಳುತ್ತಿದ್ದಾರೆ. ನನ್ನ ಹಣವೇನೂ ಹೋಗುವುದಿಲ್ಲವಲ್ಲ?
— ಪದವಿ ವಿದ್ಯಾರ್ಥಿ, ಕಲಬುರಗಿ

ಉತ್ತರ: ಬೇಡ, ಖಂಡಿತ ಬೇಡ. ಮೇಲಿನ ಬೆಂಗಳೂರಿನವರ 86,000 ಹೋದದ್ದು ಇಂಥದೇ ಯಾರದೋ ಖಾತೆಗೆ. ಕಳ್ಳರು ತಮ್ಮ ಹೆಸರಿನ ಖಾತೆಗೆ ಹಣ ಹಾಕಿಸಿಕೊಳ್ಳುವುದಿಲ್ಲ. ನಿಮ್ಮಂಥ ವಿದ್ಯಾರ್ಥಿಗಳ, ಕೂಲಿಯವರ ಖಾತೆ ಬಾಡಿಗೆಗೆ ಪಡೆಯುತ್ತಾರೆ. ತನಿಖೆಯಲ್ಲಿ ಪೊಲೀಸರಿಗೆ ಮೊದಲು ಸಿಗುವ ಹೆಸರು, ವಿಳಾಸ, ಆಧಾರ್ ನಿಮ್ಮದೇ. ಖಾತೆ ಸ್ಥಗಿತವಾಗುತ್ತದೆ, ವಿದ್ಯಾರ್ಥಿವೇತನ ಬರುವುದೂ ಅದಕ್ಕೇ ಇದ್ದರೆ ಅದೂ ಸಿಕ್ಕಿಬೀಳುತ್ತದೆ. ವೇಷ ಮರೆಸಿ ಕಂಪ್ಯೂಟರ್, ಫೋನ್ ಮೂಲಕ ವಂಚಿಸುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಲ್ಲಿ ಮೂರು ವರ್ಷದವರೆಗೆ, ವಂಚಿಸಿ ಹಣ ಪಡೆಯುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯಲ್ಲಿ ಏಳು ವರ್ಷದವರೆಗೆ ಸೆರೆಯಿದೆ. ಹತ್ತು ಪರ್ಸೆಂಟ್ ತೆಗೆದುಕೊಂಡ ಮೇಲೆ ‘ನನಗೇನೂ ಗೊತ್ತಿರಲಿಲ್ಲ’ ಎಂದರೆ ಯಾರು ನಂಬುತ್ತಾರೆ? ಈಗಾಗಲೇ ಎಟಿಎಂ ಕಾರ್ಡನ್ನೋ ಸಿಮ್ಮನ್ನೋ ಕೊಟ್ಟಿದ್ದರೆ, ನಾಳೆಗೆ ಮುಂದೂಡದೆ ಬ್ಯಾಂಕಿಗೆ ತಿಳಿಸಿ ನಿಲ್ಲಿಸಿ.

ಪ್ರಶ್ನೆ: ಅಮ್ಮ ಊರಲ್ಲಿ ಒಬ್ಬರೇ ಇರುತ್ತಾರೆ. ಎಷ್ಟು ಸಲ ಹೇಳಿದರೂ ಯಾರು ಫೋನ್ ಮಾಡಿದರೂ ಎತ್ತಿ ಮಾತಾಡುತ್ತಾರೆ. ಫೋನನ್ನೇ ಭದ್ರ ಮಾಡುವ ದಾರಿ ಇದೆಯೇ?
— ಓದುಗರು, ಮೈಸೂರು

ಉತ್ತರ: ಒಬ್ಬರೇ ಇರುವವರಿಗೆ ಫೋನಿನ ಮಾತು ಒಂದು ಸಂಗಾತ, ಎತ್ತಬೇಡಿ ಎಂದರೆ ಕೇಳುವುದಿಲ್ಲ. ಮುಂದಿನ ಸಲ ಊರಿಗೆ ಹೋದಾಗ ಅರ್ಧ ಗಂಟೆ ಕೂತು ಇಷ್ಟು ಮಾಡಿ. ವಾಟ್ಸ್‌ಆ್ಯಪ್ ಸೆಟ್ಟಿಂಗ್ಸ್‌ನ ಪ್ರೈವೆಸಿಯಲ್ಲಿ ‘ಕಾಲ್ಸ್’ ಒಳಗೆ ಅಪರಿಚಿತರ ಕರೆ ಸದ್ದು ಮಾಡದಂತೆ ಇಡುವ ಆಯ್ಕೆಯಿದೆ, ಅದನ್ನು ಆನ್ ಮಾಡಿ. ಗೊತ್ತಿಲ್ಲದವರು ಗುಂಪಿಗೆ ಸೇರಿಸದಂತೆಯೂ ಮಾಡಿ. ದೂರದಿಂದಲೇ ಪರದೆ ನೋಡುವ ಎನಿಡೆಸ್ಕ್‌ನಂಥ ಆ್ಯಪ್ ಏನಾದರೂ ಇದೆಯೇ ನೋಡಿ, ಇದ್ದರೆ ತೆಗೆದುಹಾಕಿ. 2019ರಲ್ಲೇ ರಿಸರ್ವ್ ಬ್ಯಾಂಕ್ ಇದರ ದುರ್ಬಳಕೆ ಕುರಿತು ಎಚ್ಚರಿಸಿದೆ. ಕಾಲ್ ಫಾರ್ವರ್ಡಿಂಗ್ ಯಾವುದಾದರೂ ಅಪರಿಚಿತ ನಂಬರಿಗೆ ತಿರುಗಿದೆಯೇ ಎಂದೂ ಪರೀಕ್ಷಿಸಿ.

ಎಲ್ಲಕ್ಕಿಂತ ಹೆಚ್ಚು ಉಪಯೋಗ ಆಗುವುದು ಎರಡು ಖಾತೆಯ ಏರ್ಪಾಡು. ಪಿಂಚಣಿ ಮತ್ತು ಠೇವಣಿ ಇರುವ ಖಾತೆಗೆ ಯುಪಿಐಯನ್ನೇ ಜೋಡಿಸಬೇಡಿ. ತರಕಾರಿ, ಔಷಧಿ, ಕರೆಂಟ್ ಬಿಲ್ಲಿಗೆ ಬೇರೆ ಸಣ್ಣ ಖಾತೆ ಇರಲಿ, ತಿಂಗಳ ಖರ್ಚಿನಷ್ಟೇ ಹಣ ಅದರಲ್ಲಿರಲಿ. ಅವರಿಗೆ ಬಂದ ಸಂಶಯದ ಸಂದೇಶಗಳನ್ನು ನೀವೇ ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದ ‘ಚಕ್ಷು’ ವಿಭಾಗದಲ್ಲಿ ವರದಿ ಮಾಡಬಹುದು. ಒಂದು ಚೀಟಿಯಲ್ಲಿ ದೊಡ್ಡದಾಗಿ 1930 ಎಂದೂ ಅದರ ಕೆಳಗೆ ನಿಮ್ಮ ನಂಬರನ್ನೂ ಬರೆದು, ಫೋನಿನ ಕವರಿನೊಳಗೆ ಇಟ್ಟು ಬನ್ನಿ.