ಬಿಎಸ್ಸಿ ಮೂರನೆಯ ವರ್ಷದ ಜೀವಶಾಸ್ತ್ರದಲ್ಲಿ ಹೊಸದಾಗಿ ಕಲಿಯುವುದೇನಿದೆ?

ನೀವು ಕೇಳಿರುವುದು ಇಷ್ಟು: ಸಿಬಿಝಡ್, ಅಂದರೆ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ತೆಗೆದುಕೊಂಡು ಎರಡು ವರ್ಷ ಮುಗಿಸಿದ್ದೀರಿ. ಮುಂದಿನ ವರ್ಷದ ಪಟ್ಟಿಯಲ್ಲಿ ಅಣುಜೀವಶಾಸ್ತ್ರ (ಮಾಲಿಕ್ಯುಲರ್ ಬಯಾಲಜಿ), ತಳಿಶಾಸ್ತ್ರ, ಭ್ರೂಣಶಾಸ್ತ್ರ, ಜೀವರಸಾಯನಶಾಸ್ತ್ರ ಎಂದೆಲ್ಲ ಇದೆ. ಎಲ್ಲವೂ ಪಿಯುಸಿಯಲ್ಲಿ ಬಂದು ಹೋದ ಹೆಸರುಗಳೇ. ಅದನ್ನೇ ಇನ್ನಷ್ಟು ದಪ್ಪ ಪುಸ್ತಕದಿಂದ ಉರು ಹೊಡೆಯುವುದಾದರೆ ಒಂದು ವರ್ಷ ಏಕೆ ಕಳೆಯಬೇಕು? ಜತೆಗೆ, ಇಮ್ಯುನಾಲಜಿ (ದೇಹದ ರೋಗನಿರೋಧಕ ಶಕ್ತಿಯ ಅಧ್ಯಯನ) ಮತ್ತು ಪರಿಸರಶಾಸ್ತ್ರ ಎರಡರಲ್ಲಿ ಯಾವುದನ್ನು ಆರಿಸಿಕೊಳ್ಳಲಿ ಎಂದೂ ಕೇಳಿದ್ದೀರಿ.

ನಾನೂ ಸಿಬಿಝಡ್ ಓದಿದವನೇ. ತಾಲ್ಲೂಕು ಕೇಂದ್ರದ ಒಂದು ಕಾಲೇಜಿನಲ್ಲಿ ಪದವಿ, ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎಂಎಸ್ಸಿ, ಈಗ ಹದಿನಾರು ವರ್ಷಗಳಿಂದ ಪದವಿ ತರಗತಿಗೆ ಪ್ರಾಣಿಶಾಸ್ತ್ರದ ಪಾಠ. ನಿಮ್ಮ ಅನುಮಾನ ಅರ್ಧ ಸರಿ. ಪಾಠದ ಹೆಸರುಗಳು ಬದಲಾಗುವುದಿಲ್ಲ. ಆ ಪಾಠವನ್ನು ಹೇಗೆ ವಿಚಾರಿಸಿಕೊಳ್ಳಬೇಕು ಎಂಬುದು ಬದಲಾಗುತ್ತದೆ. ಅದು ನನಗೆ ತಿಳಿದದ್ದು ಒಂದು ವರ್ಷ ತಡವಾಗಿ, ಅದೂ ಮುಖಭಂಗವಾದ ಮೇಲೆ.

ಎಂಎಸ್ಸಿ ಮೊದಲ ವರ್ಷದ ಮೌಖಿಕ ಪರೀಕ್ಷೆ. ಮೆಸೆಲ್ಸನ್ ಮತ್ತು ಸ್ಟಾಲ್ 1958ರಲ್ಲಿ ಮಾಡಿದ ಪ್ರಯೋಗ ಗೊತ್ತೇ ಎಂದು ಪರೀಕ್ಷಕರು ಕೇಳಿದರು. ಗೊತ್ತಿಲ್ಲದೆ ಏನು! ಪಿಯುಸಿಯಲ್ಲೇ ಚಿತ್ರ ಬರೆದು ಅಂಕ ಗಿಟ್ಟಿಸಿದ್ದೆ. ಈ. ಕೊಲೈ ಬ್ಯಾಕ್ಟೀರಿಯಾವನ್ನು ಭಾರದ ಸಾರಜನಕ, ಅಂದರೆ ಎನ್-15 ಇರುವ ಆಹಾರದಲ್ಲಿ ಬೆಳೆಸಿದರು. ಆಮೇಲೆ ಮಾಮೂಲಿ ಎನ್-14ಕ್ಕೆ ಬದಲಾಯಿಸಿದರು. ಸೀಸಿಯಂ ಕ್ಲೋರೈಡ್ ದ್ರಾವಣದಲ್ಲಿ ಡಿಎನ್‌ಎಯನ್ನು ರಭಸವಾಗಿ ತಿರುಗಿಸಿ ಪಟ್ಟಿಗಳು ಎಲ್ಲಿ ನಿಲ್ಲುತ್ತವೆ ಎಂದು ನೋಡಿದರು. ಡಿಎನ್‌ಎ ನಕಲಾಗುವಾಗ ಒಂದು ಹಳೆಯ ಎಳೆ, ಒಂದು ಹೊಸ ಎಳೆ ಜತೆಯಾಗುತ್ತವೆ ಎಂದು ತೋರಿಸಿದರು. ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ಅವರು ತಲೆಯಾಡಿಸಿ, 'ಮೊದಲ ಪೀಳಿಗೆಯ ಫಲಿತಾಂಶವಷ್ಟೇ ಕೈಯಲ್ಲಿದೆ ಎಂದುಕೊಳ್ಳಿ. ಆಗ ಯಾವ ಸಾಧ್ಯತೆ ಬಿದ್ದುಹೋಯಿತು, ಯಾವುದು ಇನ್ನೂ ಉಳಿದಿದೆ?' ಎಂದರು.

ನನ್ನ ಬಾಯಿ ಕಟ್ಟಿತು. ಉತ್ತರ ಇಷ್ಟೆ: ಮೊದಲ ಪೀಳಿಗೆಯಲ್ಲಿ ನಡುವಿನ ತೂಕದ ಒಂದೇ ಪಟ್ಟಿ ಬರುತ್ತದೆ. ಹಳೆಯ ಡಿಎನ್‌ಎ ಇಡಿಯಾಗಿ ಉಳಿದು ಪಕ್ಕದಲ್ಲಿ ಪೂರ್ತಿ ಹೊಸದೊಂದು ಹುಟ್ಟುವಂತಿದ್ದರೆ ಎರಡು ಪಟ್ಟಿ ಕಾಣಬೇಕಿತ್ತು, ಹಾಗಾಗಿ ಆ ಊಹೆ ಬಿತ್ತು. ಆದರೆ ಹಳೆಯದೂ ಹೊಸದೂ ತುಂಡುತುಂಡಾಗಿ ಎಲ್ಲ ಎಳೆಗಳಲ್ಲೂ ಬೆರೆತುಹೋಗುತ್ತವೆ ಎಂಬ ಊಹೆಗೂ ಇದೇ ಒಂದು ಪಟ್ಟಿ ಸಾಕು. ಅದು ಬೀಳುವುದು ಎರಡನೆಯ ಪೀಳಿಗೆಯಲ್ಲಿ, ನಡುವಿನ ಪಟ್ಟಿಯ ಜತೆ ಹಗುರವಾದ ಇನ್ನೊಂದು ಪಟ್ಟಿ ಕಾಣಿಸಿಕೊಂಡಾಗ. ನಾನು ನೂರು ಸಲ ಬರೆದ ಚಿತ್ರದಲ್ಲಿ ಇದೆಲ್ಲ ಕಣ್ಣೆದುರಿಗೇ ಇತ್ತು. ಆದರೆ ಎರಡನೆಯ ಪೀಳಿಗೆಯನ್ನು ಏಕೆ ನೋಡಬೇಕಿತ್ತು ಎಂದು ಒಮ್ಮೆಯೂ ನನಗೆ ಅನ್ನಿಸಿರಲಿಲ್ಲ. ಮೂರನೆಯ ವರ್ಷದಲ್ಲಿ ಕಲಿಯಬೇಕಾದದ್ದು ಆ 'ಏಕೆ'. ನನ್ನ ಕಾಲೇಜಿನಲ್ಲಿ ಅದನ್ನು ಯಾರೂ ಕೇಳಲಿಲ್ಲ. ನೋಟ್ಸ್ ಹೇಳಿ ಬರೆಸುತ್ತಿದ್ದರು. ಡಿಎನ್‌ಎಯ ಪ್ರತಿಗಳನ್ನು ತೆಗೆಯುವ ಪಿಸಿಆರ್ ಯಂತ್ರವೊಂದು ಬೀರುವಿನೊಳಗಿತ್ತು. ತಪಾಸಣೆಯ ತಂಡ ಬಂದ ದಿನ ಮಾತ್ರ ಅದಕ್ಕೆ ಹೊರಗಿನ ಗಾಳಿ ಸೋಕುತ್ತಿತ್ತು.

ಇನ್ನೊಂದು ಉದಾಹರಣೆ, ನನಗೆ ಪಾಠ ಮಾಡಲು ಅತ್ಯಂತ ಇಷ್ಟವಾದದ್ದು: ಲ್ಯಾಕ್ ಓಪೆರಾನ್, ಅಂದರೆ ಹಾಲಿನ ಸಕ್ಕರೆ ಲ್ಯಾಕ್ಟೋಸನ್ನು ಬಳಸಿಕೊಳ್ಳಲು ಬ್ಯಾಕ್ಟೀರಿಯಾದಲ್ಲಿರುವ ಜೀನುಗಳ ಗುಂಪು. ಪಿಯುಸಿಯಲ್ಲಿ ನೀವು ಓದಿರುತ್ತೀರಿ: ಲ್ಯಾಕ್ಟೋಸ್ ಇಲ್ಲದಾಗ ದಮನಕ ಪ್ರೋಟೀನು ಆಪರೇಟರ್ ಎಂಬ ಜಾಗದ ಮೇಲೆ ಕುಳಿತು ಜೀನುಗಳನ್ನು ಮುಚ್ಚಿರುತ್ತದೆ, ಲ್ಯಾಕ್ಟೋಸ್ ಬಂದಾಗ ಎದ್ದು ಹೋಗುತ್ತದೆ. ಸರಿ, ಆದರೆ ಡಿಎನ್‌ಎಯ ಅನುಕ್ರಮವನ್ನು ಓದುವ ವಿಧಾನವೇ ಇಲ್ಲದ 1961ರಲ್ಲಿ ಜಾಕೋಬ್ ಮತ್ತು ಮೊನೊ ಇದನ್ನು ಕಂಡುಕೊಂಡದ್ದು ಹೇಗೆ? ಕೆಟ್ಟುಹೋದ ಬ್ಯಾಕ್ಟೀರಿಯಾಗಳಿಂದ. ಲ್ಯಾಕ್ಟೋಸ್ ಇರಲಿ ಬಿಡಲಿ ಕಿಣ್ವವನ್ನು ತಯಾರಿಸುತ್ತಲೇ ಇರುವ ರೂಪಾಂತರಿಗಳು ಅವರಿಗೆ ಸಿಕ್ಕವು. ಅವುಗಳೊಳಗೆ ಆ ಭಾಗದ ಒಳ್ಳೆಯ ಪ್ರತಿಯೊಂದನ್ನು ಹೊರಗಿನಿಂದ ಸೇರಿಸಿದಾಗ ಕೆಲವು ಸರಿಹೋದವು, ಕೆಲವು ಸರಿಹೋಗಲಿಲ್ಲ.

ತರಗತಿಯಲ್ಲಿ ನಾನು ಇದನ್ನು ಕೆರೆಯ ತೂಬಿನ ಲೆಕ್ಕದಲ್ಲಿ ಹೇಳುತ್ತೇನೆ. ಗದ್ದೆಗೆ ನೀರು ಹರಿಯುತ್ತಲೇ ಇದೆ, ನಿಲ್ಲುತ್ತಿಲ್ಲ. ನೀರುಗಂಟಿ ಜ್ವರ ಬಂದು ಮಲಗಿದ್ದರೆ ಪಕ್ಕದ ಊರಿನ ನೀರುಗಂಟಿಯನ್ನು ಕರೆತಂದರೂ ನಡೆಯುತ್ತದೆ, ಬಂದು ಮುಚ್ಚುತ್ತಾನೆ. ತೂಬೇ ಒಡೆದಿದ್ದರೆ ಹತ್ತು ಊರಿನ ನೀರುಗಂಟಿಗಳು ಬಂದರೂ ಪ್ರಯೋಜನವಿಲ್ಲ. ಪಕ್ಕದ ಕೆರೆಯ ತೂಬು ಚೆನ್ನಾಗಿದೆ ಎಂದು ನಮ್ಮ ಕೆರೆಯ ನೀರು ನಿಲ್ಲುವುದಿಲ್ಲ. ದಮನಕ ಓಡಾಡುವ ವಸ್ತು, ಆಪರೇಟರ್ ಡಿಎನ್‌ಎಯ ಮೇಲಿನ ಒಂದು ಜಾಗ: ಈ ಎರಡನ್ನೂ ಕಣ್ಣಿನಿಂದ ನೋಡದೆ, ಯಾವುದು ಸರಿಹೋಯಿತು ಯಾವುದು ಹೋಗಲಿಲ್ಲ ಎಂಬುದರಿಂದಲೇ ಅವರು ತೀರ್ಮಾನಿಸಿದರು. 1965ರಲ್ಲಿ ಇನ್ನೊಬ್ಬ ವಿಜ್ಞಾನಿ ಲ್ವಾಫ್ ಜತೆಗೆ ಇಬ್ಬರಿಗೂ ನೊಬೆಲ್ ಬಂತು. ಹೊಳೆದ ಕೂಡಲೇ ಹಿಂದಿನ ಬೆಂಚಿನಲ್ಲಿ ಯಾರೋ ಒಬ್ಬರು 'ಓ' ಎನ್ನುತ್ತಾರೆ. ಪ್ರತಿ ವರ್ಷವೂ ನಾನು ಅದಕ್ಕಾಗಿ ಕಾಯುತ್ತೇನೆ.

ತಳಿಶಾಸ್ತ್ರಕ್ಕೆ ಬಂದರೆ ಅಲ್ಲಿ ಗಣಿತ ತಪ್ಪುವುದಿಲ್ಲ. ಗಣಿತದಿಂದ ತಪ್ಪಿಸಿಕೊಳ್ಳಲೆಂದೇ ಸಿಬಿಝಡ್ ಆರಿಸಿಕೊಂಡವರಿಗೆ ಇಲ್ಲಿ ಮೊದಲ ಏಟು ಬೀಳುತ್ತದೆ. ಮೆಂಡೆಲ್‌ನ ಎರಡನೆಯ ಪೀಳಿಗೆಯ ಬಟಾಣಿಯಲ್ಲಿ ನೇರಳೆ ಹೂವಿನವು 705, ಬಿಳಿಯವು 224. ಇದು ಮೂರಕ್ಕೊಂದು ಎಂದು ಯಾರು ಹೇಳಿದರು? 929 ಗಿಡಗಳಲ್ಲಿ ನಿರೀಕ್ಷೆ 696.75 ಮತ್ತು 232.25. ನಿರೀಕ್ಷೆಗೂ ಎಣಿಕೆಗೂ ಇರುವ ಅಂತರವನ್ನು ಅಳೆಯುವ ಕೈ-ವರ್ಗ (ಕೈ-ಸ್ಕ್ವೇರ್) ಲೆಕ್ಕ ಹಾಕಿದರೆ ಸುಮಾರು 0.39 ಬರುತ್ತದೆ, ಶೇಕಡ 5ರ ಮಟ್ಟದ ಮಿತಿ 3.84. ಹಾಗಾಗಿ ಮೂರಕ್ಕೊಂದು ಎಂಬ ಊಹೆಯನ್ನು ಬಿಡಲು ಕಾರಣವಿಲ್ಲ. ಇದರ ಬೆನ್ನಿಗೇ ಒಂದು ತಮಾಷೆ ಇದೆ. ಮೆಂಡೆಲ್‌ನ ಅಂಕಿಗಳೆಲ್ಲ ಒಟ್ಟಾಗಿ ನೋಡಿದರೆ ಅತಿಯಾಗಿ ಸರಿಹೊಂದುತ್ತವೆ ಎಂದು 1936ರಲ್ಲಿ ಸಂಖ್ಯಾಶಾಸ್ತ್ರಜ್ಞ ಫಿಶರ್ ಹುಬ್ಬೇರಿಸಿದರು. ಆ ಜಗಳ ಇಂದಿಗೂ ಪೂರ್ತಿ ಮುಗಿದಿಲ್ಲ.

ಹಣ್ಣಿನ ನೊಣ ಡ್ರೊಸೊಫಿಲಾ ಈ ವರ್ಷದ ನಿಮ್ಮ ಸಂಗಾತಿ. ಮಾನಸಗಂಗೋತ್ರಿಯಲ್ಲಿ ಇದಕ್ಕೆಂದೇ ಒಂದು ಸಂಗ್ರಹ ಕೇಂದ್ರವಿದೆ. ನೊಣದ ಅಡುಗೆ ನಮ್ಮ ಅಡುಗೆಮನೆಯದೇ: ಒಂದು ಲೀಟರ್ ನೀರಿಗೆ ನೂರು ಗ್ರಾಂ ಗೋಧಿ ರವೆ, ನೂರು ಗ್ರಾಂ ಬೆಲ್ಲ, ಗಟ್ಟಿಯಾಗಲು ಹತ್ತು ಗ್ರಾಂ ಅಗರ್, ಬೂಸ್ಟು ಹಿಡಿಯದಂತೆ ಸ್ವಲ್ಪ ಪ್ರೊಪಿಯಾನಿಕ್ ಆಮ್ಲ. ಕುದಿಯುವಾಗ ಕಾರಿಡಾರಿನಲ್ಲಿ ಹೋಗುವವರಿಗೆ ಸಜ್ಜಿಗೆಯ ವಾಸನೆ ಬರುತ್ತದೆ, ಆಮ್ಲ ಹಾಕುವ ತನಕ. 25 ಡಿಗ್ರಿಯಲ್ಲಿ ಸುಮಾರು ಹತ್ತು ದಿನಕ್ಕೆ ಒಂದು ಪೀಳಿಗೆ. ಕಷ್ಟದ ಕೆಲಸ ಕನ್ಯೆಯರನ್ನು ಹಿಡಿಯುವುದು: ಹೆಣ್ಣು ನೊಣ ವೀರ್ಯವನ್ನು ಕೂಡಿಟ್ಟುಕೊಳ್ಳುತ್ತದೆ, ಆದ್ದರಿಂದ ಪ್ಯೂಪಾ ಕೋಶದಿಂದ ಹೊರಬಂದ ಸುಮಾರು ಎಂಟು ಗಂಟೆಯೊಳಗೆ ಪ್ರತ್ಯೇಕಿಸದಿದ್ದರೆ ನಿಮ್ಮ ಅಡ್ಡತಳಿ ಪ್ರಯೋಗವೆಲ್ಲ ನೀರುಪಾಲು. ಇದಕ್ಕಾಗಿ ಬೆಳಿಗ್ಗೆ ಆರಕ್ಕೆ ಲ್ಯಾಬಿಗೆ ಓಡಿದ್ದೇನೆ. ಜೀನುಗಳು ವರ್ಣತಂತುವಿನ ಮೇಲೆ ಸಾಲಾಗಿವೆ ಎಂಬ ಮೊದಲ ನಕ್ಷೆಯನ್ನು ಬರೆದ ಸ್ಟರ್ಟೆವಂಟ್ ಆಗ ನಿಮ್ಮಂತೆಯೇ ಪದವಿ ವಿದ್ಯಾರ್ಥಿ, ಇದೇ ನೊಣದ ಮೇಲೆ ತಳಿಶಾಸ್ತ್ರದ ಪ್ರಯೋಗ ನಡೆಸುತ್ತಿದ್ದ ಮಾರ್ಗನ್ ಪ್ರಯೋಗಾಲಯದಲ್ಲಿದ್ದವನು. ಕಾಲೇಜಿನ ಮನೆಗೆಲಸ ಬದಿಗಿಟ್ಟು ಒಂದೇ ರಾತ್ರಿಯಲ್ಲಿ ಬರೆದ. ಅದು 1913ರಲ್ಲಿ ಪ್ರಕಟವಾಯಿತು.

ಸಸ್ಯಶಾಸ್ತ್ರದವರು ಇದೇ ಕಾಲದಲ್ಲಿ ಈರುಳ್ಳಿ ಹೂವಿನ ಮೊಗ್ಗನ್ನು ಬೆಳಗಿನ ಹೊತ್ತು ಕಿತ್ತು, ಆಲ್ಕೊಹಾಲ್ ಮತ್ತು ಅಸಿಟಿಕ್ ಆಮ್ಲದಲ್ಲಿ ಹಾಕಿ, ಪರಾಗಕೋಶವನ್ನು ಗಾಜಿನ ಮೇಲೆ ಹಿಸುಕಿ ಕೋಶವಿಭಜನೆ ಹುಡುಕಿಸುತ್ತಾರೆ. ಮೊಗ್ಗು ಚೂರು ಬಲಿತಿದ್ದರೂ ಬರೀ ಪರಾಗ. ರಾಗಿ ಎಲೆಯನ್ನು ಅಡ್ಡಡ್ಡ ಕೊಯ್ದು ನಾಳಗಳ ಸುತ್ತ ಹಸಿರು ಬಳೆಯಂತೆ ಕುಳಿತ ಕೋಶಗಳನ್ನು ಒಮ್ಮೆ ನೋಡಿದರೆ, ಬಿಸಿಲಿಗೆ ಭತ್ತ ಬಾಡುವಾಗ ರಾಗಿ ತಾಳಿಕೊಳ್ಳಲು ಒಂದು ಕಾರಣ ಕಣ್ಣಿಗೇ ಬೀಳುತ್ತದೆ. ಇಂಥ ಗಿಡಗಳು ಆಹಾರ ತಯಾರಿಸುವ ವಿಧಾನಕ್ಕಿರುವ ಸಿ4 ಎಂಬ ಪದ ಆಮೇಲೆ ತಾನಾಗಿ ನೆನಪಿರುತ್ತದೆ.

ಭ್ರೂಣಶಾಸ್ತ್ರದ ಪ್ರಾಯೋಗಿಕ ತರಗತಿಗೆ ಕೋಳಿಮೊಟ್ಟೆ ಬೇಕು. ಪ್ರತಿ ವರ್ಷ ಯಾರಾದರೊಬ್ಬರು ಅಂಗಡಿಯಿಂದ ಡಜನ್ ತರುತ್ತಾರೆ. ಹುಂಜವಿಲ್ಲದ ಫಾರಂ ಮೊಟ್ಟೆಯಲ್ಲಿ ಮೂರು ದಿನ ಕಾದರೂ ಏನೂ ಬೆಳೆಯುವುದಿಲ್ಲ, ನಾಟಿ ಕೋಳಿ ಸಾಕಿದವರ ಮನೆಗೆ ಹೋಗಬೇಕು. 72 ಗಂಟೆಯ ಮೊಟ್ಟೆಯ ಚಿಪ್ಪಿನಲ್ಲಿ ಕಿಟಕಿ ತೆರೆದಾಗ ಕೆಂಪು ಚುಕ್ಕೆಯೊಂದು ಮಿಡಿಯುವುದು ಕಾಣುತ್ತದೆ. ಪಾಠದ ಕಡೆಯಲ್ಲಿ ಸ್ಪೆಮನ್ ಮತ್ತು ಹಿಲ್ಡೆ ಮ್ಯಾಂಗೋಲ್ಡ್ 1924ರಲ್ಲಿ ಪ್ರಕಟಿಸಿದ ಕೆಲಸವಿದೆ: ನ್ಯೂಟ್ ಎಂಬ ಉಭಯವಾಸಿಯ ಭ್ರೂಣದ ಚಿಕ್ಕ ತುಂಡನ್ನು ಇನ್ನೊಂದು ಭ್ರೂಣದ ಹೊಟ್ಟೆಯ ಕಡೆ ಕಸಿ ಮಾಡಿದರೆ ಅಲ್ಲಿ ಎರಡನೆಯ ದೇಹವೇ ಮೂಡಿತು. ಅವರ ಜಾಣತನ ಇದ್ದದ್ದು ಬಣ್ಣ ಬೇರೆಯಾದ ಎರಡು ಜಾತಿಗಳನ್ನು ಬಳಸಿದ್ದರಲ್ಲಿ. ಹೊಸ ದೇಹದ ನರನಾಳ ಬಹುಪಾಲು ಆತಿಥೇಯದ ಕೋಶಗಳಿಂದಲೇ ಆಗಿತ್ತು, ಕಸಿಯ ತುಂಡು ಅವುಗಳಿಗೆ ಆದೇಶ ಕೊಟ್ಟಿತ್ತು. 1935ರ ನೊಬೆಲ್ ಸ್ಪೆಮನ್‌ಗೆ ಸಿಕ್ಕಿತು. ಪ್ರಯೋಗವನ್ನು ಕೈಯಾರೆ ಮಾಡಿದ ಮ್ಯಾಂಗೋಲ್ಡ್ 1924ರಲ್ಲೇ ಅಡುಗೆಮನೆಯ ಬೆಂಕಿ ಅವಘಡದಲ್ಲಿ ತೀರಿಕೊಂಡಿದ್ದರು.

ಜೀವರಸಾಯನಶಾಸ್ತ್ರದ ಬಗ್ಗೆ ಉದ್ದ ಹೇಳುವುದಿಲ್ಲ. ಕೋಶದೊಳಗೆ ಗ್ಲೂಕೋಸ್ ಒಡೆಯುವ ಗ್ಲೈಕಾಲಿಸಿಸ್‌ನ ಹತ್ತು ಹಂತ ಬಾಯಿಪಾಠವಾಗಲೇಬೇಕು, ತಪ್ಪಿಸಿಕೊಳ್ಳುವ ದಾರಿ ನನಗಂತೂ ಕಂಡಿಲ್ಲ. ಕಿಣ್ವಗಳ ವೇಗದ ಅಧ್ಯಾಯಕ್ಕೆ ಮಾತ್ರ ಸಮಯ ಕೊಡಿ. ಮೆಥನಾಲ್ ವಿಷವೇರಿದವರಿಗೆ ಎಥನಾಲ್ ಕೊಟ್ಟು ಉಳಿಸುವುದುಂಟು, ಏಕೆಂದರೆ ಎರಡೂ ಒಂದೇ ಕಿಣ್ವಕ್ಕೆ ಪೈಪೋಟಿ ನಡೆಸುತ್ತವೆ. ಆ ಒಂದು ಸಂಗತಿ ಹಿಡಿದು ಹೊರಟರೆ ಗ್ರಾಫ್‌ಗಳು ಅರ್ಥವಾಗುತ್ತವೆ.

ಪಠ್ಯಕ್ರಮದ ಗೊಂದಲವನ್ನೂ ಹೇಳಿಬಿಡುತ್ತೇನೆ. ಕರ್ನಾಟಕದಲ್ಲಿ 2021-22ರಲ್ಲಿ ನಾಲ್ಕು ವರ್ಷದ ಆನರ್ಸ್ ಬಂತು, 2024-25ರಿಂದ ಮತ್ತೆ ಮೂರು ವರ್ಷದ ಪದವಿ. ಹೀಗಾಗಿ ನಿಮ್ಮ ಸೀನಿಯರ್‌ಗಳ ನೋಟ್ಸ್ ನಿಮ್ಮ ಪತ್ರಿಕೆಗೆ ತಾಳೆಯಾಗದೆ ಇರಬಹುದು. ವಿಶ್ವವಿದ್ಯಾಲಯದ ಜಾಲತಾಣದಿಂದ ನಿಮ್ಮ ಪಠ್ಯಕ್ರಮವನ್ನೇ ಇಳಿಸಿಕೊಳ್ಳಿ. ಪರೀಕ್ಷೆಯಲ್ಲಿ ಹೆಚ್ಚಾಗಿ ಬರುವುದು ಇಂದಿಗೂ 'ಚಿತ್ರ ಸಹಿತ ವಿವರಿಸಿ' ಎಂಬುದೇ. ಅಂಕಕ್ಕಾಗಿ ಹಾಗೆ ಬರೆಯಿರಿ. ಚಿತ್ರ ಮುಗಿದ ಮೇಲೆ ನೋಟ್‌ಬುಕ್ಕಿನ ಅಂಚಿನಲ್ಲಿ, ಈ ಊಹೆ ತಪ್ಪಾಗಿದ್ದರೆ ಫಲಿತಾಂಶ ಹೇಗೆ ಕಾಣುತ್ತಿತ್ತು ಎಂದು ಒಂದು ಸಾಲು ಬರೆದುಕೊಳ್ಳಿ. ನನ್ನ ವಿದ್ಯಾರ್ಥಿಗಳಿಂದ ಇದನ್ನು ಕಡ್ಡಾಯವಾಗಿ ಬರೆಸುತ್ತೇನೆ. ಬೈದುಕೊಂಡೇ ಬರೆಯುತ್ತಾರೆ.

ಇನ್ನು ಇಮ್ಯುನಾಲಜಿಯೋ ಪರಿಸರಶಾಸ್ತ್ರವೋ. ಮಂಗನ ಕಾಯಿಲೆಯನ್ನೇ ತೆಗೆದುಕೊಳ್ಳಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ವೈರಸ್. ಮೈಯೊಳಗೆ ಹೊಕ್ಕ ವೈರಸ್ಸಿಗೆ ಪ್ರತಿಕಾಯ ಹೇಗೆ ಹುಟ್ಟುತ್ತದೆ, ಲಸಿಕೆಗೆ ಮತ್ತೆ ಮತ್ತೆ ಬೂಸ್ಟರ್ ಏಕೆ ಬೇಕಾಗುತ್ತಿತ್ತು ಎಂಬುದು ಇಮ್ಯುನಾಲಜಿ. ಮಂಗ ಸತ್ತ ಜಾಗದಲ್ಲೇ ಸೋಂಕಿನ ಉಣುಗುಗಳು ಏಕೆ ಹೆಚ್ಚು, ಕಾಡಿಗೆ ಮೇಯಲು ಹೋಗುವ ದನಗಳಿಂದ ಉಣುಗುಗಳ ಸಂತತಿ ಹೇಗೆ ಬೆಳೆಯುತ್ತದೆ ಎಂಬುದು ಪರಿಸರಶಾಸ್ತ್ರ. ನಾನಾದರೆ ಎರಡನೆಯದನ್ನು ಆರಿಸುತ್ತೇನೆ. ಇಮ್ಯುನಾಲಜಿಯನ್ನು ಮುಂದೆ ಎಂಎಸ್ಸಿಯಲ್ಲೋ ಒಳ್ಳೆಯ ಪುಸ್ತಕದಿಂದಲೋ ಹಿಡಿಯಬಹುದು. ಹಗ್ಗ, ಗೂಟ ಹಿಡಿದು ಚೌಕ ಹಾಕಿ ಗಿಡ ಎಣಿಸುವುದನ್ನು ಒಬ್ಬರೇ ಓದಿ ಕಲಿಯುವುದು ಕಷ್ಟ. ಆದರೆ ಒಂದು ಷರತ್ತು. ನಿಮ್ಮ ಕಾಲೇಜಿನಲ್ಲಿ ಆ ಪತ್ರಿಕೆಯ ಅಧ್ಯಾಪಕರು ವಿದ್ಯಾರ್ಥಿಗಳನ್ನು ನಿಜವಾಗಿ ಹೊರಗೆ ಕರೆದೊಯ್ಯುತ್ತಾರೆಯೇ ಎಂದು ಸೀನಿಯರ್‌ಗಳನ್ನು ವಿಚಾರಿಸಿ. ಇಲ್ಲವೆಂದಾದರೆ ಕಣ್ಣು ಮುಚ್ಚಿಕೊಂಡು ಇಮ್ಯುನಾಲಜಿ ತೆಗೆದುಕೊಳ್ಳಿ. ಕರೆದೊಯ್ಯುತ್ತಾರೆ, ಅದೂ ಬೇಸಿಗೆಯಲ್ಲಿ ಮಲೆನಾಡಿನ ಕಡೆಗೆ ಎಂದಾದರೆ, ಉದ್ದ ತೋಳಿನ ಅಂಗಿ ಹಾಕಿ, ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ಸಿಕ್ಕಿಸಿಕೊಂಡು ಹೋಗಿ.