ಕಲ್ಲಿಗೂ ಮೂಳೆಗೂ ಒಂದೇ ನಂಬರು

ಮಗನ ಮನೆಗೆಂದು ಸಿಡ್ನಿಗೆ ಹೋಗಿಬಂದ ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ: "ಅಲ್ಲಿನ ಸೆಂಟ್ರಲ್ ಸ್ಟೇಷನ್ ಕಟ್ಟಿದ್ದು ಸ್ಮಶಾನ ತೆರವು ಮಾಡಿದ ಜಾಗದಲ್ಲಂತೆ. ಬದುಕಿರುವವರಿಗೆ ಜಾಗ ಬೇಡವೆ? ನೂರು ವರ್ಷದ ಮೇಲೂ ಕೊರಗುವವರನ್ನು ಕಂಡು ನಗು ಬಂತು."

ಸಂಪಾದಕರ ಉತ್ತರ:

ನಕ್ಕಿರಿ, ಆಗಲಿ. ನಿಮ್ಮ ಮಾತನ್ನು ಅರ್ಧ ಒಪ್ಪಿದೆ. ಡೆವನ್‌ಷೈರ್ ಬೀದಿಯ ಆ ಸ್ಮಶಾನ 1820ರದ್ದು. 1867ರಿಂದ ಅಲ್ಲಿ ಹೊಸದಾಗಿ ಹೂಳುವುದೂ ನಿಂತಿತ್ತು. ರೈಲು ರೆಡ್‌ಫರ್ನ್ ಕಡೆಯೇ ನಿಂತು, ಪೇಟೆಗೆ ಹೋಗುವವರು ಟ್ರಾಮು ಹತ್ತಬೇಕಿತ್ತು. 1906ರಲ್ಲಿ ಹೊಸ ನಿಲ್ದಾಣ ಬಂತು. ಸರಿಯೇ.

ತಕರಾರಿರುವುದು ತೆರವು ಮಾಡಿದ ರೀತಿಯ ಬಗ್ಗೆ. 1901ರ ಜನವರಿಯಲ್ಲಿ ಪ್ರಕಟಣೆ ಬಂತು: ವಾರಸುದಾರರು ಎರಡು ತಿಂಗಳೊಳಗೆ ಬನ್ನಿ, ಸಾಗಿಸುವ ಖರ್ಚು ಸರ್ಕಾರದ್ದು. ಎಂಬತ್ತು ವರ್ಷದ ಹಿಂದೆ ಹೂತವರ ಮರಿಮಕ್ಕಳು ಪೇಪರು ನೋಡಿ ಓಡಿಬರಬೇಕು! ಯಾರೂ ಕೇಳದ ಮೂಳೆಗಳು ಬಾಟನಿ ಕೊಲ್ಲಿ ಕಡೆಯ ಬನರಾಂಗ್‌ಗೆ ಸ್ಟೀಮ್ ಟ್ರಾಮಿನಲ್ಲಿ ಹೋದವು. 1970ರ ದಶಕದಲ್ಲಿ ಅಲ್ಲೂ ಬಹುಪಾಲು ಕಲ್ಲು ತೆಗೆದು ಪಾರ್ಕ್ ಮಾಡಿದರು.

ಸ್ಮಶಾನ ತೆರವು ಮಾಡುವಾಗ ಗುದ್ದಲಿಗಿಂತ ಮೊದಲು ನಕ್ಷೆ ಬೇಕು. ಕುಣಿ, ಕಲ್ಲು, ಮೂಳೆಯ ಪೆಟ್ಟಿಗೆ ಮೂರಕ್ಕೂ ಒಂದೇ ನಂಬರು. ಕಾಲುಗಡೆ ನೆಟ್ಟ ಪುಟ್ಟ ಕಲ್ಲನ್ನು ಮರೆಯುವಂತಿಲ್ಲ. ಅದರ ಮೇಲೆ ಹೆಸರಿನ ಮೊದಲಕ್ಷರಗಳಷ್ಟೇ ಇರುತ್ತವೆ, ತಲೆಗಲ್ಲಿನಿಂದ ಬೇರೆಯಾದರೆ ಯಾರದೆಂದು ಗೊತ್ತಾಗದು. ಫೋಟೋಗೆ ಓರೆ ಬಿಸಿಲು ಬೇಕು, ನೆತ್ತಿ ಬಿಸಿಲಿನಲ್ಲಿ ಅಕ್ಷರ ಕಾಣದು. ನೆರಳಿನ ಮುಖಕ್ಕೆ ಕನ್ನಡಿಯಿಂದ ಬದಿಯಲ್ಲಿ ಬೆಳಕು ಹಾಯಿಸಬಹುದು. ತಂತಿ ಬ್ರಷ್ ಮಾತ್ರ ಬೇಡ. ಮರಳುಗಲ್ಲಿನೊಳಗೆ ನೀರಿನ ಜತೆ ಹೊಕ್ಕ ಉಪ್ಪು ಹರಳುಗಟ್ಟಿ, ಮೇಲ್ಪದರ ಹಪ್ಪಳದಂತೆ ಎದ್ದಿರುತ್ತದೆ. ಉಜ್ಜಿದರೆ ಹೆಸರೇ ಉದುರುತ್ತದೆ.

ಸಿಡ್ನಿಯಲ್ಲಿ ಆರ್ಥರ್ ಫಾಸ್ಟರ್ ದಂಪತಿ ಈ ದಾಖಲೆಯ ಕೆಲಸಕ್ಕೆ ಇಳಿದರು. ಗಂಡ ಕಲ್ಲಿನ ಬರಹ ನಕಲು ಮಾಡಿದರು, ಹೆಂಡತಿ ಫೋಟೋ ತೆಗೆದರು. ಸ್ಮಶಾನದ ಗುರುತು ಬೇಕಾದವರು ಇಂದಿಗೂ ಹುಡುಕುವುದು ಆ ಚಿತ್ರಗಳನ್ನೇ. ಕೊರಗುವವರೆಂದು ನೀವು ನಕ್ಕಿದ್ದು ಇಂಥವರನ್ನು ನೋಡಿ, ಸ್ವಾಮಿ.

ಲಂಡನ್ನಿನ ಯೂಸ್ಟನ್ ನಿಲ್ದಾಣದ ಪಕ್ಕದ ಹಳೆಯ ಸ್ಮಶಾನವನ್ನೂ ರೈಲಿಗಾಗಿಯೇ ಅಗೆದರು. ಆಸ್ಟ್ರೇಲಿಯದ ಕರಾವಳಿ ಸುತ್ತಿ ನಕ್ಷೆ ಬರೆದ ಮ್ಯಾಥ್ಯೂ ಫ್ಲಿಂಡರ್ಸ್ ಅಲ್ಲಿ ಸಿಕ್ಕಿದ್ದು 2019ರಲ್ಲಿ, ಶವಪೆಟ್ಟಿಗೆಯ ಮೇಲಿನ ಹೆಸರಿನ ಫಲಕ ಸೀಸದ್ದಾಗಿದ್ದರಿಂದ. ತಗಡಿನದಾಗಿದ್ದರೆ ತುಕ್ಕು ತಿಂದಿರುತ್ತಿತ್ತು.

ನಮ್ಮಲ್ಲಿ? ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಶಾಸನತಜ್ಞ ಬಿ.ಎಲ್. ರೈಸ್ 1905ರಲ್ಲೇ ಅಚ್ಚು ಹಾಕಿಸಿದರು. ಅದರಲ್ಲಿರುವ ಎಷ್ಟೋ ಕಲ್ಲುಗಳು ಇಂದು ಪುಸ್ತಕದಲ್ಲಷ್ಟೇ ಇವೆ. ಸುಮಾರು 750ರ ಕಿತ್ತಯ್ಯನ ವೀರಗಲ್ಲು ಬೆಂಗಳೂರಿನ ಹೆಬ್ಬಾಳದಲ್ಲಿ ಸಿಕ್ಕಿದ್ದು 2018ರಲ್ಲಿ. ರಸ್ತೆ ಅಗಲ ಮಾಡುವವರ ಜೇಸಿಬಿ ಜತೆ ನೋಟ್‌ಬುಕ್ ಹಿಡಿದವನೊಬ್ಬ ಬರುವುದನ್ನು ಯಾರಾದರೂ ಕಂಡಿದ್ದೀರಾ?

ನಿಮ್ಮೂರ ಸುತ್ತ ವೀರಗಲ್ಲುಗಳಿಗೆ ಬರವಿಲ್ಲ. ನಾಳೆ ಬೆಳಿಗ್ಗೆ ಎಂಟರೊಳಗೆ ಹೋಗಿ, ಪಕ್ಕದಲ್ಲೊಂದು ಸ್ಕೇಲ್ ಇಟ್ಟು, ನಾಲ್ಕೂ ಮುಖ ತೆಗೆದು ಕಳಿಸಿ. ಅಚ್ಚು ಹಾಕುತ್ತೇವೆ.